ಮಾವನ ಹೆಬ್ಬೆರಳು ಮತ್ತು 6 ಡಿಗ್ರಿ

ನಮ್ಮ ಕಡೆ ಮೊಣಕಾಲು ನೋವು ಅಂದರೆ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಾರೆ. ಯಾವ ಡಾಕ್ಟರ್ ಒಳ್ಳೆಯವರು, ಯಾರ ಅತ್ತೆಗೆ ಎರಡೂ ಮೊಣಕಾಲು ಒಟ್ಟಿಗೆ ಬದಲಿಸಿದರು, ಅವರು ಯಾವಾಗ ಮೆಟ್ಟಿಲು ಹತ್ತಿದರು, ಎಲ್ಲ ಬಾಯಿಪಾಠ. ಕಾಲಿನ ಹೆಬ್ಬೆರಳು ನೋಯುತ್ತದೆ ಅಂದರೆ ಮಾತ್ರ ಯಾರೂ ಕಿವಿಗೊಡುವುದಿಲ್ಲ. ‘ಎಲ್ಲೋ ಎಡವಿರಬೇಕು, ಅರಿಶಿನ ಹಚ್ಚು’ ಅನ್ನುತ್ತಾರೆ. ಜಾಸ್ತಿ ಅಂದರೆ, ‘ಯೂರಿಕ್ ಆಸಿಡ್ ಇರಬೇಕು, ಬೇಳೆ ಬಿಡು’ ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಬೆಟಗೇರಿಯಲ್ಲಿರುವ ನನ್ನ ಸೋದರಮಾವ ವರ್ಷಗಟ್ಟಲೆ ಹೀಗೆಯೇ ಕಳೆದರು. ಅವರು ನೇಕಾರರು. ಗದಗ-ಬೆಟಗೇರಿಯಲ್ಲಿ ಈಗ ಬಹುಪಾಲು ಪವರ್‌ಲೂಮ್ ಸದ್ದೇ ಕೇಳಿಸುತ್ತದೆ. ಆದರೆ ಮಾವ ಇವತ್ತಿಗೂ ಕುಣಿಮಗ್ಗ ಬಿಟ್ಟಿಲ್ಲ. ಕುಣಿಮಗ್ಗ ನೋಡದವರಿಗೆ ಹೇಳುತ್ತೇನೆ. ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ನೇಕಾರ ಅದರ ಅಂಚಿಗೆ ಕೂತು ಎರಡೂ ಕಾಲನ್ನು ಒಳಗೆ ಇಳಿಬಿಡುತ್ತಾನೆ. ಕೆಳಗೆ ತುಳಿಯುವ ಹಲಗೆಗಳು. ಒಂದನ್ನು ತುಳಿದರೆ ಹಾಸಿನ ಎಳೆಗಳು ಬಾಯಿ ಬಿಡುತ್ತವೆ, ಆ ಸಂದಿಯಲ್ಲಿ ಲಾಳಿ ಓಡುತ್ತದೆ. ಮತ್ತೊಂದನ್ನು ತುಳಿದರೆ ಎಳೆಗಳು ಅದಲು ಬದಲಾಗುತ್ತವೆ, ಲಾಳಿ ವಾಪಸ್ ಬರುತ್ತದೆ. ಒಂದು ಸೀರೆ ಮುಗಿಯುವ ಹೊತ್ತಿಗೆ ಎಷ್ಟು ಸಾವಿರ ಸಲ ತುಳಿದಿರುತ್ತಾರೋ ಲೆಕ್ಕ ಇಟ್ಟವರಿಲ್ಲ. ನೋಡುವವರ ಕಣ್ಣು ಕೈ ಮೇಲೆ, ಲಾಳಿ ಮೇಲೆ ಇರುತ್ತದೆ. ಕುಣಿಯೊಳಗಿನ ಕಾಲನ್ನು ಯಾರೂ ನೋಡುವುದಿಲ್ಲ.

ನಾನು ಒಮ್ಮೆ ಕುಣಿಯ ಪಕ್ಕ ಬಗ್ಗಿ ಕೂತು ನೋಡಿದೆ. ಎಡಗಾಲು ಹಲಗೆಯ ಮೇಲೆ ಸಪಾಟಾಗಿ ಕೂರುತ್ತಿತ್ತು. ಬಲಗಾಲು ಮಾತ್ರ ಹೊರಕ್ಕೆ ವಾಲುತ್ತಿತ್ತು. ಕಿರುಬೆರಳಿನ ಕಡೆಯ ಅಂಚಿನಿಂದ ತುಳಿಯುತ್ತಿದ್ದರು. ಹೆಬ್ಬೆರಳು ಹಲಗೆಗೆ ತಾಗದ ಹಾಗೆ ಮೇಲಕ್ಕೆ ಎತ್ತಿಕೊಂಡಿದ್ದರು. ಅದರ ಬುಡದಲ್ಲಿ, ಪಾದದ ಮೇಲ್ಭಾಗಕ್ಕೆ, ಗಟ್ಟಿಯಾದ ಒಂದು ಉಬ್ಬು. ಉಬ್ಬಿನ ಮೇಲಿನ ಚರ್ಮ ಕಪ್ಪಗೆ, ಒರಟಾಗಿ, ಚಪ್ಪಲಿಯ ಉಂಗುಟ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ‘ನೋವು ಎಷ್ಟು ಐತಿ?’ ಅಂತ ಕೇಳಿದರೆ, ‘ತುಳಿಯೋವಾಗ ಅಷ್ಟು ಇಲ್ಲೋ, ಕುಣಿಯಿಂದ ಮ್ಯಾಲೆ ಏಳೋವಾಗ ಜೀವಾ ಹೋಗತೈತಿ’ ಅಂದರು.

ಆ ಒಂದು ಮಾತಿನಲ್ಲೇ ಅವರ ಕಾಯಿಲೆಯ ಅರ್ಧ ವಿವರ ಇತ್ತು ಅಂತ ನನಗೆ ಆಮೇಲೆ ಗೊತ್ತಾಯಿತು.

ಹೆಬ್ಬೆರಳಿನ ಬುಡದ ಕೀಲು ದೇಹದ ಚಿಕ್ಕ ಕೀಲುಗಳಲ್ಲಿ ಒಂದು. ಅದರ ಕೆಲಸ ಮಾತ್ರ ದೊಡ್ಡದು. ನಾವು ನಡೆಯುವಾಗ ಹಿಮ್ಮಡಿ ಎತ್ತಿದ ಕ್ಷಣದಿಂದ ಮುಂದಿನ ಹೆಜ್ಜೆ ಬೀಳುವ ತನಕ ಮೈಭಾರ ಆ ಕೀಲಿನ ಮೇಲೆ ಉರುಳುತ್ತದೆ. ಬೆರಳು ನೆಲದಲ್ಲೇ ಉಳಿಯುತ್ತದೆ, ಪಾದ ಅದರ ಮೇಲೆ ಏಳುತ್ತದೆ. ಆಗ ಕೀಲು ಮೇಲ್ಮುಖವಾಗಿ ಬಾಗಲೇಬೇಕು. ಸುಮ್ನೆ ನಡೆಯುವುದಕ್ಕೇ 40ರಿಂದ 60 ಡಿಗ್ರಿಯಷ್ಟು ಬಾಗಬೇಕಾಗುತ್ತದೆ. ತುದಿಗಾಲಲ್ಲಿ ಕುಕ್ಕರಿಸಿ ಕೂತರೆ ಇನ್ನೂ ಜಾಸ್ತಿ. ಕೀಲಿನ ಅಡಿಯಲ್ಲಿ ಎರಡು ಪುಟ್ಟ ಎಲುಬುಗಳಿವೆ, ಸೆಸಮಾಯ್ಡ್ ಅಂತ ಹೆಸರು. ಸ್ನಾಯುವಿನ ದಾರಗಳು ಅವನ್ನು ಹಿಡಿದುಕೊಂಡು ಬೆರಳನ್ನು ನೆಲಕ್ಕೆ ಒತ್ತುತ್ತವೆ. ಬೆರಳು ಮೇಲೆ ಬಾಗಿದಾಗ ಅಂಗಾಲಿನ ಗಟ್ಟಿ ಪದರ ಬಿಗಿದು, ಪಾದದ ಕಮಾನು ತಾನಾಗಿ ಎದ್ದು ನಿಲ್ಲುತ್ತದೆ. 1954ರಲ್ಲಿ ಹಿಕ್ಸ್ ಅನ್ನುವವರು ಇದನ್ನು ವಿವರಿಸಿದರು. ಪಾದ ಒಂದು ಗಟ್ಟಿ ಸನ್ನೆಯಾಗಿ ಮೈಯನ್ನು ಮುಂದೆ ತಳ್ಳುವುದು ಈ ಬಿಗಿತದಿಂದಲೇ.

ಈ ಕೀಲಿನ ಕಾರ್ಟಿಲೇಜ್, ಅಂದರೆ ಎಲುಬಿನ ತುದಿಗಳ ಮೇಲಿನ ನುಣುಪಾದ ಪದರ, ಸವೆದರೆ ಎಲುಬಿಗೆ ಎಲುಬು ತಾಗುತ್ತದೆ. ದೇಹ ಸವೆದ ಜಾಗದ ಸುತ್ತ ಹೊಸ ಎಲುಬು ಬೆಳೆಸುತ್ತದೆ. ಅದು ಹೆಚ್ಚಾಗಿ ಮೇಲ್ಭಾಗದಲ್ಲೇ ಬೆಳೆಯುತ್ತದೆ. ಹಾಗಾಗಿ ಬೆರಳು ಮೇಲೆ ಬಾಗಲು ಹೋದಾಗ ಆ ಗಂಟಿಗೆ ಬಡಿದು ನಿಲ್ಲುತ್ತದೆ. ಇದಕ್ಕೆ ಹ್ಯಾಲಕ್ಸ್ ರಿಜಿಡಸ್ ಅನ್ನುತ್ತಾರೆ. ವೈದ್ಯರು ಇದನ್ನು ಬರೆದಿಟ್ಟದ್ದು 1887ರಷ್ಟು ಹಿಂದೆ. 50 ದಾಟಿದವರಲ್ಲಿ 40 ಮಂದಿಗೆ ಒಬ್ಬರಿಗೆ ಇರುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬೆರಳು ಪಕ್ಕಕ್ಕೆ ವಾಲಿ ಗಂಟು ಕಟ್ಟುವ ಬನಿಯನ್ ಬೇರೆ, ಇದು ಬೇರೆ. ಇಲ್ಲಿ ಬೆರಳು ನೆಟ್ಟಗೇ ಇರುತ್ತದೆ, ಬಾಗುವುದಿಲ್ಲ ಅಷ್ಟೇ.

ಮಾವನಿಗೆ ಇದನ್ನು ಮೊದಲು ಯೂರಿಕ್ ಆಸಿಡ್ ಅಂತಲೇ ಒಂದು ಕಡೆ ಮಾತ್ರೆ ಕೊಟ್ಟು ಬಹಳ ಕಾಲ ನಡೆಸಿದ್ದರು. ರಕ್ತ ಪರೀಕ್ಷೆ ಮಾಡಿಸಿದ ಒಂದು ಚೀಟಿಯೂ ಮನೆಯಲ್ಲಿ ಸಿಗಲಿಲ್ಲ. ಇದು ನನಗೆ ನಿಜಕ್ಕೂ ಬೇಜಾರು ತಂದ ವಿಷಯ. ಯೂರಿಕ್ ಆಸಿಡ್‌ನಿಂದ ಬರುವ ಗೌಟ್ ಕೂಡ ಇದೇ ಕೀಲಿಗೆ ಬರುತ್ತದೆ, ನಿಜ. ಆದರೆ ಅದು ಬರುವ ರೀತಿಯೇ ಬೇರೆ. ಹೆಚ್ಚಾಗಿ ರಾತ್ರೋರಾತ್ರಿ ಬರುತ್ತದೆ, ಬೆರಳು ಕೆಂಪಗೆ ಊದುತ್ತದೆ, ಹೊದಿಕೆಯ ಅಂಚು ತಾಗಿದರೂ ಚೀರುವ ಹಾಗಾಗುತ್ತದೆ, ಕೆಲವು ದಿನಕ್ಕೆ ಇಳಿಯುತ್ತದೆ. ಮಾವನ ನೋವು ಹಾಗಲ್ಲ. ವರ್ಷದಿಂದ ವರ್ಷಕ್ಕೆ ಕೂತಲ್ಲೇ ಕೂತು ಬಿಗಿಯಾದ ನೋವು. ಕೊನೆಗೆ ಪರೀಕ್ಷೆ ಮಾಡಿಸಿದಾಗ ಯೂರಿಕ್ ಆಸಿಡ್ ಸರಿಯಾಗೇ ಇತ್ತು. ಅಷ್ಟು ಕಾಲ ಪಾಪ, ತೊಗರಿಬೇಳೆ ಇಲ್ಲದೆ ಊಟ ಮಾಡಿದ್ದರು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಾವನ ಮಗ ಒಂದು ವಿಡಿಯೋ ಕಳಿಸಿದ್ದು ಆಗಲೇ. ಹೆಬ್ಬೆರಳಿನ ಕೀಲಿನ ಎಲುಬಿನ ತಲೆಗೆ ಹೊಳೆಯುವ ಲೋಹದ ಚಿಕ್ಕ ಟೋಪಿ ಕೂರಿಸುತ್ತಾರೆ. ಆಮೇಲೆ ಬೆರಳು ಸಲೀಸಾಗಿ ಬಾಗುತ್ತದೆ, ರೋಗಿ ಓಡುತ್ತಾನೆ. ಮಾವ ಅದನ್ನು ಮತ್ತೆ ಮತ್ತೆ ನೋಡಿದರು. ಅತ್ತೆ ನನ್ನನ್ನು ಕರೆದು, ‘ನೀ ಓದಿದಾಕಿ, ಸ್ವಲ್ಪ ನೋಡಿ ಹೇಳವಾ. ಇಷ್ಟು ಚಂದ ತೋರಿಸ್ತಾರಂದ್ರ ಖರೇನ ಇರಬೇಕಲ್ಲ?’ ಅಂದರು. ನಾನು ಡಾಕ್ಟರ್ ಅಲ್ಲ. ಧಾರವಾಡದಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಆದರೆ ಸಿಕ್ಕಿದ್ದನ್ನೆಲ್ಲ ಓದಿದೆ, ಡಾಕ್ಟರ್ ಹತ್ತಿರ ಹೋಗುವಾಗ ಜೊತೆಗೂ ಹೋದೆ.

ಮೊದಲು ಆ ಟೋಪಿಯ ವಿಷಯ. ಇದಕ್ಕೆ ರೀಸರ್ಫೇಸಿಂಗ್ ಅನ್ನುತ್ತಾರೆ. ಇಡೀ ಕೀಲನ್ನು ಕಿತ್ತು ಬದಲಿಸುವುದಲ್ಲ. ಹಿತ್ತಾಳೆ ಪಾತ್ರೆ ಹಾಳಾಯಿತು ಅಂತ ಎಸೆಯದೆ ಒಳಗೆ ಕಲಾಯಿ ಹಾಕಿಸುತ್ತೇವಲ್ಲ, ಆ ಲೆಕ್ಕ. ಸವೆದ ಮೇಲ್ಮೈಗೆ ಮಾತ್ರ ಹೊಸ ಮುಖ. ಹೆಮಿಕ್ಯಾಪ್ ಅನ್ನುವುದು ಇದರಲ್ಲಿ ಹೆಸರಾದದ್ದು. ಮೊದಲು ಟೈಟಾನಿಯಂ ಸ್ಕ್ರೂ ಒಂದನ್ನು ಪಾದದ ಮೊದಲ ಉದ್ದೆಲುಬಿನ ತಲೆಯೊಳಗೆ ನೆಡುತ್ತಾರೆ. ಎಲುಬಿನ ತಲೆ ಎಷ್ಟು ದುಂಡಗಿದೆ ಅಂತ ಅಳೆದು, ಅದಕ್ಕೆ ಹೊಂದುವ ಕೋಬಾಲ್ಟ್-ಕ್ರೋಮ್ ಟೋಪಿಯನ್ನು ಆ ಸ್ಕ್ರೂ ಮೇಲೆ ಕೂರಿಸುತ್ತಾರೆ. ತೆಗೆಯುವ ಎಲುಬು ಕಡಿಮೆ. ಕೀಲು ಕೀಲಾಗಿಯೇ ಉಳಿಯುತ್ತದೆ. ಯೋಚನೆ ಚೆನ್ನಾಗಿದೆ, ಇದರಲ್ಲಿ ಅನುಮಾನ ಇಲ್ಲ.

ಆದರೆ ಕೀಲು ಅಂದರೆ ಒಂದು ಎಲುಬಿನ ತಲೆ ಮಾತ್ರ ಅಲ್ಲ, ಅಲ್ವಾ? ಎದುರಿಗೆ ಬೆರಳಿನ ಎಲುಬಿನ ಬುಡ ಇದೆ. ಅದರ ಕಾರ್ಟಿಲೇಜೂ ಸವೆದಿರಬಹುದು. ಅಡಿಯಲ್ಲಿ ಆ ಎರಡು ಪುಟ್ಟ ಎಲುಬುಗಳು ಉಜ್ಜುವ ಜಾಗ ಇದೆ. ಟೋಪಿ ಅಲ್ಲಿಗೆ ತಲುಪುವುದಿಲ್ಲ. ನೋವು ಅಲ್ಲಿಂದ ಬರುತ್ತಿದ್ದರೆ ಟೋಪಿ ಹಾಕಿದ ಮೇಲೂ ಬರುತ್ತದೆ. ಮೇಲಾಗಿ ಈ ಜಾಗದಲ್ಲಿ ಹೆಜ್ಜೆ ಹೆಜ್ಜೆಗೂ ಭಾರ ಬೀಳುತ್ತದೆ. ಅದೂ ನೇರವಾಗಿ ಅಲ್ಲ, ಓರೆಯಾಗಿ, ಜಾರಿಸುವ ಹಾಗೆ. ಸೊಂಟದ ಕೀಲಿಗೆ ಕೂರಿಸುವ ಲೋಹಕ್ಕೆ ಹಿಡಿದುಕೊಳ್ಳಲು ಉದ್ದನೆಯ ತೊಡೆಯೆಲುಬು ಸಿಗುತ್ತದೆ. ಇಲ್ಲಿ ಸಿಗುವುದು ಹೆಬ್ಬೆರಳ ಬುಡದ ಚಿಕ್ಕ ತುಂಡು. ಸ್ವಲ್ಪ ಸಡಿಲವಾದರೂ ಕೂತ ಎಲುಬನ್ನೇ ತಿನ್ನಲು ಶುರು ಮಾಡುತ್ತದೆ.

ಈ ಕೀಲಿಗೆ ಬದಲಿ ಹುಡುಕುವ ಪ್ರಯತ್ನ ಹೊಸದೇನಲ್ಲ. ಅಮೆರಿಕದ ಸ್ವಾನ್ಸನ್ 1960ರ ದಶಕದಲ್ಲೇ ಸಿಲಿಕೋನ್ ಕೀಲು ತಂದರು. ಮೊದಮೊದಲು ಎಲ್ಲರಿಗೂ ಖುಷಿ. ಆಮೇಲೆ ಸಿಲಿಕೋನ್ ಸವೆದು ಪುಡಿ ಉದುರಿ, ಸುತ್ತಲಿನ ಪೊರೆ ಊದಿ, ಎಲುಬು ಸವೆಯುವುದು ಕಂಡಿತು. ನಂತರ ಮೊಣಕಾಲಿನ ಹಾಗೆ ಎರಡೂ ಬದಿ ಬದಲಿಸುವ ಕೀಲುಗಳು ಬಂದವು. ಸ್ಕಾಟ್ಲೆಂಡಿನ ಗಿಬ್ಸನ್ ಮತ್ತು ಥಾಮ್ಸನ್ ಎಂಬ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಎಷ್ಟೋ ಸಲ ಓದಿದೆ. ಯಾರಿಗೆ ಯಾವ ಆಪರೇಷನ್ ಅಂತ ಚೀಟಿ ಎತ್ತಿದ ಹಾಗೆ ಹಂಚಿ ಮಾಡಿದ ಅಧ್ಯಯನ ಅದು. ಹಾಗೆ ಮಾಡಿದಾಗಲೇ ಹೋಲಿಕೆಗೆ ಬೆಲೆ. ಒಂದು ಗುಂಪಿಗೆ ಕೀಲು ಬದಲಿಸಿದರು. ಇನ್ನೊಂದು ಗುಂಪಿಗೆ ಕೀಲನ್ನೇ ಬೆಸೆದುಬಿಟ್ಟರು. ಅಂದರೆ ಎರಡು ಎಲುಬು ಒಂದಾಗುವ ಹಾಗೆ ಸೇರಿಸಿದರು. ಬೆಸೆದ 38 ಬೆರಳುಗಳೂ ಕೂಡಿಕೊಂಡವು. ಬದಲಿಸಿದ 39ರಲ್ಲಿ 6 ಕೀಲುಗಳು ಸಡಿಲವಾಗಿ ತೆಗೆಯಬೇಕಾಯಿತು. ಬೆಸೆದವರಿಗೇ ನೋವು ಕಡಿಮೆ.

ಬಾಗುವ ಕೀಲಿಗಿಂತ ಬಾಗದ ಕೀಲು ವಾಸಿ ಅಂದರೆ ಮೊದಲು ನನಗೂ ನಂಬಲು ಆಗಲಿಲ್ಲ.

ಆಮೇಲೆ ಬಂದದ್ದು ಕಾರ್ಟಿವಾ. ಇದು ಲೋಹವಲ್ಲ. ಪಾಲಿವಿನೈಲ್ ಆಲ್ಕೋಹಾಲ್ ಮತ್ತು ಉಪ್ಪುನೀರು ಸೇರಿದ, ಒತ್ತಿದರೆ ಸ್ವಲ್ಪ ಅಮುಕುವ ಮೆತ್ತನೆಯ ಬಿರಡೆ. 8 ಅಥವಾ 10 ಮಿಲಿಮೀಟರ್ ಅಗಲ. ಸವೆದ ಎಲುಬಿನ ತಲೆಯಲ್ಲಿ ತೂತು ಕೊರೆದು, ಇದನ್ನು ತುಸು ಮೇಲೆ ಕಾಣುವ ಹಾಗೆ ಒತ್ತಿ ಕೂರಿಸುವುದು. ಕೆನಡಾ ಮತ್ತು ಬ್ರಿಟನ್ನಿನಲ್ಲಿ ಸುಮಾರು 200 ರೋಗಿಗಳ ಮೇಲೆ ಬೆಸುಗೆಯ ಜೊತೆ ಹೋಲಿಸಿ ನೋಡಿದರು. ಎರಡು ವರ್ಷದ ಹೊತ್ತಿಗೆ ನೋವು ಇಳಿಯುವುದರಲ್ಲಿ ಬೆಸುಗೆಗೆ ಸರಿಸಮ ಅಂತ ಬಂತು. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2016ರಲ್ಲಿ ಒಪ್ಪಿಗೆ ಕೊಟ್ಟಿತು. ‘ಇನ್ನು ಕೀಲು ಬೆಸೆಯಬೇಕಾಗಿಲ್ಲ, ಚಲನೆ ಉಳಿಯುತ್ತದೆ’ ಅಂತ ಎಲ್ಲ ಕಡೆ ಹೇಳಿದರು.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ. ಅದನ್ನು ಯಾರೂ ವಿಡಿಯೋದಲ್ಲಿ ಹೇಳುವುದಿಲ್ಲ. ಬಿರಡೆ ಹಾಕಿದ ಮೇಲೆ ಬೆರಳು ಮೇಲೆ ಬಾಗುವುದು ಸರಾಸರಿ ಎಷ್ಟು ಹೆಚ್ಚಾಯಿತು ಗೊತ್ತಾ? 6.2 ಡಿಗ್ರಿ.

ಶಾಲೆಯ ಕೋನಮಾಪಕ ತೆಗೆದು 6 ಡಿಗ್ರಿ ಗೆರೆ ಎಳೆದು ನೋಡಿ. ನಾನು ಮಾವನ ಎದುರೇ ಹಾಳೆಯ ಮೇಲೆ ಎಳೆದು ತೋರಿಸಿದೆ. ಎರಡು ಗೆರೆಗಳು ಹೆಚ್ಚುಕಡಿಮೆ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವೆ. ಅವರು ಹಾಳೆಯನ್ನು ಕೈಗೆ ತಗೊಂಡು ಕಣ್ಣ ಹತ್ತಿರ ಹಿಡಿದು, ‘ಇಷ್ಟಕ್ಕ ಕಾಲಾಗ ಕೊರೀಬೇಕಾ?’ ಅಂದರು.

ಬೆಸುಗೆಯಲ್ಲಿ ಇದ್ದಬದ್ದ ಚಲನೆಯೂ ಹೋಗುತ್ತದೆ, ಇಲ್ಲಿ ಉಳಿಯುತ್ತದೆ ಅನ್ನುವುದು ಸರಿ. ಹಾಗೆ ಉಳಿದದ್ದರಿಂದ ಲಾಭ ಆದವರೂ ಇದ್ದಾರೆ. ಆದರೆ ‘ಹಳೆಯ ಹಾಗೆ ಬಾಗುತ್ತದೆ’ ಅನ್ನುವ ಆಸೆಯಿಂದ ಮಾಡಿಸಿಕೊಳ್ಳುವವರಿಗೆ ಈ ಅಂಕಿ ಮೊದಲೇ ಗೊತ್ತಿರಬೇಕು. ಕಾರ್ಟಿವಾ ಕಥೆ ಮುಂದೆ ಏನಾಯಿತು ಅನ್ನುವುದೂ ಗೊತ್ತಿರಬೇಕು. ಬಿರಡೆ ಎಲುಬಿನೊಳಗೆ ಕುಸಿಯುವುದು, ನೋವು ಮರಳುವುದು, ತೆಗೆದು ಮತ್ತೆ ಆಪರೇಷನ್ ಮಾಡುವುದು ಅಂದುಕೊಂಡದ್ದಕ್ಕಿಂತ ಜಾಸ್ತಿ ಕಂಡವು. 2024ರ ಅಕ್ಟೋಬರ್‌ನಲ್ಲಿ ಅದನ್ನು ಮಾರುತ್ತಿದ್ದ ಸ್ಟ್ರೈಕರ್ ಕಂಪನಿ ತಾನೇ ಅದನ್ನು ಮಾರುಕಟ್ಟೆಯಿಂದ ವಾಪಸ್ ತಗೊಂಡಿತು. ಒಪ್ಪಿಗೆ ಸಿಕ್ಕಿ ಎಂಟು ವರ್ಷ. ಎರಡು ವರ್ಷದ ಅಧ್ಯಯನದಲ್ಲಿ ಚೆನ್ನಾಗಿ ಕಂಡದ್ದು ಹಾಗೆಯೇ ಉಳಿಯಲಿಲ್ಲ. ಅದಕ್ಕೇ ನಾನು ಯಾವ ಇಂಪ್ಲಾಂಟ್ ಬಗ್ಗೆ ಓದಿದರೂ ಮೊದಲು ನೋಡುವುದು, ಎಷ್ಟು ವರ್ಷ ರೋಗಿಗಳನ್ನು ಹಿಂಬಾಲಿಸಿ ನೋಡಿದ್ದಾರೆ ಅನ್ನುವುದನ್ನು.

ಲೋಹದ ಟೋಪಿಯ ಲೆಕ್ಕ ಬೇರೆ. ಅದು ಇವತ್ತಿಗೂ ಬಳಕೆಯಲ್ಲಿದೆ. ಎಲುಬು ಗಟ್ಟಿ ಇದ್ದು, ಬೆರಳು ನೆಟ್ಟಗಿದ್ದು, ಅಡಿಯ ಪುಟ್ಟ ಎಲುಬುಗಳ ಜಾಗ ಚೆನ್ನಾಗಿರುವವರಿಗೆ ವರ್ಷಗಟ್ಟಲೆ ಸುಖ ಕೊಟ್ಟ ವರದಿಗಳಿವೆ. ಸಡಿಲವಾದ, ನೋವು ಉಳಿದ ವರದಿಗಳೂ ಇವೆ. ಕೆಟ್ಟರೆ ಮುಂದೇನು ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಇಂಪ್ಲಾಂಟ್ ತೆಗೆದಾಗ ಅಲ್ಲಿ ಎಲುಬು ಕಡಿಮೆ ಇರುತ್ತದೆ. ಆಗ ಬೆಸೆಯಬೇಕೆಂದರೆ ಸೊಂಟದಿಂದ ಎಲುಬು ತಂದು ತುಂಬಬೇಕಾಗಬಹುದು. ಮೊದಲೇ ಬೆಸೆದಿದ್ದರೆ ಸಲೀಸಾಗಿ ಆಗುತ್ತಿದ್ದ ಕೆಲಸ ಆಗ ಕಷ್ಟ.

ಮಾವನನ್ನು ಹುಬ್ಬಳ್ಳಿಗೆ ತೋರಿಸಲು ಹೋದೆವು. ಗದಗದವರಿಗೆ ಎಲುಬಿನ ವಿಷಯ ಅಂದರೆ ಹುಬ್ಬಳ್ಳಿಯೇ. 60 ಕಿಲೋಮೀಟರ್ ಒಳಗೇ, ರೈಲು ಹತ್ತಿದರೆ ಅಣ್ಣಿಗೇರಿ ದಾಟಿ ಬಂದೇಬಿಡುತ್ತದೆ. ರೈಲಿನಲ್ಲಿ ಮಾವನಿಗೆ ಒಂದೇ ಚಿಂತೆ. ‘ಬೆರಳು ಕೂಡಿಸಿಬಿಟ್ರ ನಾ ಮಗ್ಗದ ಮ್ಯಾಲ ಹೆಂಗ ಕೂಡ್ಲಿ? ನೆಲದ ಮ್ಯಾಲ ಉಣ್ಣಾಕ ಹೆಂಗ ಕೂಡ್ಲಿ?’

ಡಾಕ್ಟರ್ ಅವಸರ ಮಾಡಲಿಲ್ಲ. ಮೊದಲು ನಡೆಸಿ ನೋಡಿದರು. ಆಮೇಲೆ ನಿಲ್ಲಿಸಿಯೇ ಎಕ್ಸ್‌ರೇ ತೆಗೆಸಿದರು. ಭಾರ ಬಿದ್ದಾಗ ಕೀಲಿನ ಸಂದಿ ಎಷ್ಟು ಉಳಿಯುತ್ತದೆ ಅಂತ ಗೊತ್ತಾಗಬೇಕಲ್ಲ. ಎಕ್ಸ್‌ರೇ ಹಿಡಿದು ತೋರಿಸಿದರು. ಸಂದಿಯ ಮೇಲರ್ಧ ಹೆಚ್ಚುಕಡಿಮೆ ಮುಚ್ಚಿತ್ತು, ಕೆಳಗರ್ಧ ಇನ್ನೂ ಇತ್ತು. ಪಕ್ಕದಿಂದ ತೆಗೆದ ಚಿತ್ರದಲ್ಲಿ ಆ ಗಂಟು ಮುಂದಕ್ಕೆ ಚಾಚಿಕೊಂಡಿತ್ತು.

ನಿರ್ಧಾರಕ್ಕೆ ದಾರಿ ತೋರಿಸಿದ್ದು ಎಕ್ಸ್‌ರೇಗಿಂತ ಅವರ ಕೈ. ಮಾವನ ಪಾದವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಬೆರಳನ್ನು ನಿಧಾನವಾಗಿ ಆಡಿಸಿದರು. ಮಧ್ಯದ ಅಳತೆಯಲ್ಲಿ ಮೇಲೆ ಕೆಳಗೆ ಆಡಿಸುವಾಗ ಮಾವ ಸುಮ್ಮನಿದ್ದರು. ಬೆರಳನ್ನು ಒಳಕ್ಕೆ ಒತ್ತಿ ತಿರುವಿದಾಗಲೂ ಸುಮ್ಮನಿದ್ದರು. ಪೂರ್ತಿ ಮೇಲಕ್ಕೆ ಎತ್ತಿದಾಗ ಮಾತ್ರ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದರು. ‘ಇದೇ ಬೇಕಿತ್ತು ನನಗೆ’ ಅಂದರು ಡಾಕ್ಟರ್. ಬರೀ ಕೊನೆಯಲ್ಲಿ ನೋವು ಅಂದರೆ ಬಡಿಯುತ್ತಿರುವುದು ಗಂಟು. ನಡುವೆಯೂ ನೋವು ಅಂದರೆ ಇಡೀ ಕೀಲು ಹೋಗಿದೆ ಅಂತ. ತುಳಿಯುವಾಗ ಅಷ್ಟಿಲ್ಲ, ಏಳುವಾಗ ಜೀವ ಹೋಗುತ್ತದೆ ಅಂತ ಮಾವ ಹೇಳಿದ್ದೂ ಇದನ್ನೇ.

ಅವರು ಟೋಪಿ ಬೇಡ ಅಂದರು. ‘ಇಷ್ಟಕ್ಕೆ ಇಂಪ್ಲಾಂಟ್ ಯಾಕೆ? ಗಂಟು ತೆಗೆದರೆ ಸಾಕಾಗಬಹುದು. ಮುಂದೆ ಕೀಲು ಪೂರ್ತಿ ಹೋದರೆ ಬೆಸೆಯುವ ದಾರಿ ತೆರೆದೇ ಇರುತ್ತದೆ.’ ಗಂಟು ಮತ್ತು ಎಲುಬಿನ ತಲೆಯ ಮೇಲ್ಭಾಗದ ಕಾಲು ಭಾಗದಷ್ಟನ್ನು ಕೆತ್ತಿ ತೆಗೆಯುವ ಈ ಆಪರೇಷನ್‌ಗೆ ಕೈಲೆಕ್ಟಮಿ ಅನ್ನುತ್ತಾರೆ. ಒಳಗೆ ಏನೂ ಇಡುವುದಿಲ್ಲ. ಕಾಫ್ಲಿನ್ ಮತ್ತು ಶರ್ನಾಸ್ ಎಂಬ ವೈದ್ಯರು 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಇಂಥ 93 ಆಪರೇಷನ್‌ಗಳಲ್ಲಿ 86 ಫಲ ಕೊಟ್ಟಿದ್ದವು. ಅವರು ಎರಡು ವರ್ಷ ನೋಡಿ ಬಿಟ್ಟವರಲ್ಲ, ಸರಾಸರಿ ಒಂಬತ್ತು ವರ್ಷಕ್ಕೂ ಮೇಲೆ ನೋಡಿದವರು. ಯಾರಿಗೆ ಗಂಟು ತೆಗೆಯಬೇಕು, ಯಾರಿಗೆ ಬೆಸೆಯಬೇಕು ಅಂತ ಹಂತ ಗುರುತಿಸುವ ಕ್ರಮವನ್ನೂ ಅವರೇ ಮಾಡಿಕೊಟ್ಟರು.

ಬೆಸುಗೆಯ ಭಯವನ್ನೂ ಡಾಕ್ಟರ್ ಅಲ್ಲೇ ಬಿಡಿಸಿದರು. ಅದನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಆ ಭಯದಿಂದಲೇ ಎಷ್ಟೋ ಜನ ಇಂಪ್ಲಾಂಟ್ ಕಡೆಗೆ ಓಡುತ್ತಾರೆ. ಬೆರಳನ್ನು ಸಪಾಟಾಗಿ ಬೆಸೆಯುವುದಿಲ್ಲ. ನೆಲದಿಂದ 10-15 ಡಿಗ್ರಿ ಮೇಲಕ್ಕೆ ಇಟ್ಟು ಬೆಸೆಯುತ್ತಾರೆ, ಹೆಜ್ಜೆ ಉರುಳುವುದಕ್ಕೆ ಅನುಕೂಲ ಆಗಲಿ ಅಂತ. ಚಕ್ಕಳಮಕ್ಕಳ ಹಾಕಿ ಕೂರಲು ಹೆಬ್ಬೆರಳಿನ ಕೀಲು ಬೇಕಾಗಿಯೇ ಇಲ್ಲ. ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರಗಾಲಲ್ಲಿ ಕೂರಲೂ ಬೇಕಾಗಿಲ್ಲ. ಮಗ್ಗದ ಹಲಗೆ ತುಳಿಯಲು ಬೇಕಾದದ್ದು ಬಾಗುವ ಬೆರಳಿಗಿಂತ ನೋಯದ ಬೆರಳು. ಕಷ್ಟ ಆಗುವುದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಕೂರುವವರಿಗೆ, ಎತ್ತರದ ಹಿಮ್ಮಡಿ ಚಪ್ಪಲಿ ಹಾಕುವವರಿಗೆ. ವರ್ಷಗಳ ಮೇಲೆ ಬೆರಳಿನ ತುದಿಯ ಕೀಲಿಗೆ ಹೆಚ್ಚಿನ ಭಾರ ಬಿದ್ದು ಅದು ಸವೆಯುವುದೂ ಉಂಟು. ಅದನ್ನೂ ಮುಚ್ಚಿಡಲಿಲ್ಲ ಅವರು.

ಆಗ ನನಗೆ ನೆನಪಾದದ್ದು ಅತ್ತೆ. ಅವರು ಉಳ್ಳಾಗಡ್ಡಿ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾರೆ. ಹೊಲದ ಸಾಲಿನಲ್ಲಿ ಅವರು ಮುಂದೆ ಸರಿಯುವ ರೀತಿ ಕಣ್ಣಿಗೆ ಬಂತು. ಎರಡೂ ಹಿಮ್ಮಡಿ ಎತ್ತಿ, ಬೆರಳುಗಳ ಮೇಲೆ ಕೂತು, ಕುರ್ಪಿ ಆಡಿಸುತ್ತ ಕೂತಲ್ಲೇ ಒಂದೊಂದು ಹೆಜ್ಜೆ ಮುಂದೆ. ಹೆಬ್ಬೆರಳು ಬಾಗಬಹುದಾದಷ್ಟೂ ಬಾಗಿರುತ್ತದೆ. ಈ ಕಾಯಿಲೆ ಮಾವನ ಬದಲು ಅತ್ತೆಗೆ ಬಂದಿದ್ದರೆ? ಬೆಸೆದರೆ ಆ ಕೆಲಸ ಕಷ್ಟ. ಟೋಪಿ ಹಾಕಿದರೂ ಆ ಬಾಗು ಬರುತ್ತದೆ ಅಂತ ಭರವಸೆ ಇಲ್ಲ. ಹೀಗಾಗಿ ನನ್ನ ಮಾತು ಇಷ್ಟೇ. ಹೊಸ ಇಂಪ್ಲಾಂಟ್ ಒಳ್ಳೆಯದಾ, ಹಳೆಯ ಬೆಸುಗೆ ಒಳ್ಳೆಯದಾ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಈ ಕಾಲು ದಿನವಿಡೀ ಏನು ಮಾಡುತ್ತದೆ ಅಂತ ಮೊದಲು ಕೇಳಬೇಕು. ವಿದೇಶದ ಅಧ್ಯಯನಗಳ ಪ್ರಶ್ನೆಪತ್ರಿಕೆಯಲ್ಲಿ ಮೆಟ್ಟಿಲು ಹತ್ತುವುದು, ಕುಕ್ಕರಿಸುವುದು, ತುದಿಗಾಲಲ್ಲಿ ನಿಲ್ಲುವುದು ಇರುತ್ತವೆ. ಉಳ್ಳಾಗಡ್ಡಿ ಸಾಲು ಮುಗಿಸುವುದು ಇರುವುದಿಲ್ಲ. ಅದನ್ನು ಡಾಕ್ಟರ್ ಮುಂದೆ ನಾವೇ ಹೇಳಬೇಕು, ಆಗುವುದಾದರೆ ಅಲ್ಲೇ ನೆಲದ ಮೇಲೆ ಕೂತು ತೋರಿಸಬೇಕು. ನಮ್ಮ ಹೆಣ್ಣುಮಕ್ಕಳು ಡಾಕ್ಟರ್ ಮುಂದೆ ‘ಮನೆಗೆಲಸ’ ಅಂತ ಒಂದೇ ಮಾತು ಹೇಳಿ ಬಿಡುತ್ತಾರೆ. ಅದರಲ್ಲಿ ಹೊಲದ ಕಳೆಯೂ ಇದೆ, ನೆಲದ ಮೇಲೆ ರೊಟ್ಟಿ ಬಡಿಯುವುದೂ ಇದೆ, ಹಿತ್ತಲಲ್ಲಿ ಪಾತ್ರೆ ತಿಕ್ಕುವುದೂ ಇದೆ.

ಆಪರೇಷನ್‌ಗೆ ಮೊದಲು ಕೆಲವು ತಿಂಗಳು ಚಪ್ಪಲಿ ಬದಲಿಸಿ ನೋಡೋಣ ಅಂದರು ಡಾಕ್ಟರ್. ಅಟ್ಟೆ ಬಾಗಬಾರದು, ಮುಂದೆ ಸ್ವಲ್ಪ ದುಂಡಗೆ ಮೇಲೆದ್ದಿರಬೇಕು. ಬೆರಳು ಬಾಗುವ ಕೆಲಸವನ್ನು ಅಟ್ಟೆಯೇ ಮಾಡಬೇಕು ಅನ್ನುವುದು ಲೆಕ್ಕ. ಮಾವ ಹಾಕುತ್ತಿದ್ದದ್ದು ರಬ್ಬರಿನ ಹವಾಯಿ ಚಪ್ಪಲಿ. ಅದು ಬೆರಳಿನ ಬುಡದಲ್ಲೇ ಮಡಚುತ್ತದೆ. ಮದುವೆ ಮುಂಜಿಗೆ ಮಾತ್ರ ಉಂಗುಟದ ಕೊಲ್ಹಾಪುರಿ. ಕೊಲ್ಹಾಪುರಿ ಅಂದರೆ ಮಹಾರಾಷ್ಟ್ರದ್ದು ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. 2019ರಲ್ಲಿ ಅದಕ್ಕೆ ಸಿಕ್ಕ ಜಿಐ (ಇದು ಇಂಥ ಪ್ರದೇಶದ್ದು ಅನ್ನುವ) ಗುರುತಿನಲ್ಲಿ ನಮ್ಮ ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅದರ ಅಟ್ಟೆ ಗಟ್ಟಿ, ಆದರೆ ಉಂಗುಟ ನೇರವಾಗಿ ಗಂಟಿನ ಹತ್ತಿರವೇ ಒತ್ತುತ್ತದೆ.

ಗದಗದ ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಹತ್ತಿರ ಎರಡನ್ನೂ ಒಯ್ದೆವು. ಡಾಕ್ಟರ್ ಬರೆದ ಚೀಟಿ ಅವರಿಗೆ ಬೇಕಾಗಲಿಲ್ಲ. ಮಾವನ ಪಾದವನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡರು. ಗಂಟಿನ ಮೇಲೆ ಹೆಬ್ಬೆಟ್ಟು ಆಡಿಸಿ ಅದು ಎಲ್ಲಿಂದ ಎಲ್ಲಿಗೆ ಇದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರು. ಕೊಲ್ಹಾಪುರಿಯ ಉಂಗುಟ ಬಿಚ್ಚಿ ತೆಗೆದರು. ಪಟ್ಟಿಯನ್ನು ಹಿಂದಕ್ಕೆ ಸರಿಸಿ, ಗಂಟು ಬರುವ ಕಡೆ ಅರ್ಧಚಂದ್ರದ ಹಾಗೆ ಕತ್ತರಿಸಿ, ಅಂಚಿಗೆ ಮೆತ್ತನೆಯ ಚರ್ಮ ಹೊಲಿದರು. ಅಡಿಗೆ ಇನ್ನೊಂದು ಪದರ ಗಟ್ಟಿ ಚರ್ಮ ಸೇರಿಸಿ, ಮುಂದಿನ ತುದಿಯನ್ನು ಉಜ್ಜಿ ಉಜ್ಜಿ ದುಂಡಗೆ ಮಾಡಿದರು. ‘ಒಮ್ಮೆ ಬಾಗಿಸಿ ನೋಡ್ರಿ’ ಅಂತ ನನ್ನ ಕೈಗೆ ಕೊಟ್ಟರು. ಬಾಗಲಿಲ್ಲ. ಇಂಥ ಕೈ ಇರುವವರನ್ನು ಆಸ್ಪತ್ರೆಯವರು ಜೊತೆಗೆ ಕೂರಿಸಿಕೊಂಡರೆ ಎಷ್ಟು ಕಾಲುಗಳಿಗೆ ಉಪಕಾರ ಆದೀತು ಅಂತ ನನಗೆ ಈಗಲೂ ಅನಿಸುತ್ತದೆ.

ಆ ಚಪ್ಪಲಿಯಿಂದ ನಡಿಗೆ ಸುಧಾರಿಸಿತು. ಆದರೆ ಮಗ್ಗದಲ್ಲಿ ಕಾಲು ಬರಿಗಾಲೇ. ಕುಣಿಯಿಂದ ಏಳುವ ನೋವು ಹಾಗೆಯೇ ಉಳಿಯಿತು. ಕೊನೆಗೆ ಗಂಟು ತೆಗೆಸಿದರು. ಕಣಕಾಲಿಗೆ ಮಾತ್ರ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ ಮಾಡಿದರು. ಮಾವ ಎಚ್ಚರವಾಗೇ ಇದ್ದರು. ಹೊಲಿಗೆ ಬಿಚ್ಚಿದ ಮೇಲೆ ದಿನವೂ ಬೆರಳನ್ನು ಕೈಯಿಂದ ಆಡಿಸಬೇಕು ಅಂತ ಹೇಳಿದ್ದರು. ಆ ವಿಷಯದಲ್ಲಿ ಅತ್ತೆ ಒಂದು ದಿನವೂ ಬಿಡಲಿಲ್ಲ, ಮಾವ ಗೊಣಗಿದರೂ ಬಿಡಲಿಲ್ಲ.

ಈಗ ಬೆರಳು ಎಳೆಯ ಹುಡುಗರ ಹಾಗೆ ಬಾಗುತ್ತದೆ ಅಂತ ಹೇಳಲಾರೆ. ಬಾಗುವುದಿಲ್ಲ. ತುದಿಗಾಲಲ್ಲಿ ನಿಂತರೆ ಇನ್ನೂ ಬಿಗಿಯುತ್ತದೆ. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಕುಂಟುತ್ತಾರೆ. ಆದರೆ ಕುಣಿಯಿಂದ ಕೈ ಊರಿ ಏಳುವಾಗ ಮುಖ ಕಿವುಚುವುದಿಲ್ಲ. ಬಲಗಾಲು ಹಲಗೆಯ ಮೇಲೆ ಪೂರ್ತಿ ಕೂರುತ್ತದೆ. ಹೊರ ಅಂಚಿನಿಂದ ತುಳಿದು ತುಳಿದು ಬಂದಿದ್ದ ಮೊಣಕಾಲ ನೋವೂ ಇಳಿದಿದೆ ಅಂತ ಅವರೇ ಹೇಳುತ್ತಾರೆ. ಕೀಲಿನ ಸವೆತ ಅಲ್ಲಿಗೆ ನಿಂತಿಲ್ಲ, ಮುಂದೆ ಬೆಸೆಯಬೇಕಾಗಬಹುದು. ಅದಕ್ಕೆ ಬೇಕಾದ ಎಲುಬು ಅಲ್ಲೇ ಇದೆ.

ಇದನ್ನು ಓದಿ ಯಾರೂ ಟೋಪಿ ಕೆಟ್ಟದ್ದು ಅಂತ ತಿಳಿಯಬೇಡಿ. ನಮ್ಮ ಪರಿಚಯದ ಒಬ್ಬ ನಿವೃತ್ತ ಶಿಕ್ಷಕಿ ಬೆಂಗಳೂರಿನಲ್ಲಿ ಮಾಡಿಸಿಕೊಂಡಿದ್ದಾರೆ. ಬೆಳಿಗ್ಗೆ ಉಣಕಲ್ ಕೆರೆಯ ಸುತ್ತ ನಡೆಯುತ್ತಾರೆ, ಮನೆಯಲ್ಲಿ ಊಟ ಮೇಜಿನ ಮೇಲೆ, ಶೂ ಇಲ್ಲದೆ ಹೊರಗೆ ಕಾಲಿಡುವುದಿಲ್ಲ. ಅವರಿಗೆ ಅದು ಒಗ್ಗಿದೆ, ಸಂತೋಷವಾಗಿದ್ದಾರೆ. ಮಾತಾಡುವಾಗ ನಾನು ಅವರನ್ನು ಕೇಳಿದ್ದು, ಒಳಗೆ ಇಟ್ಟಿರುವುದರ ಹೆಸರೇನು ಅಂತ. ಅವರಿಗೆ ಗೊತ್ತಿರಲಿಲ್ಲ. ಮಕ್ಕಳಿಗೂ ಗೊತ್ತಿರಲಿಲ್ಲ. ‘ಅಮೆರಿಕದ್ದು’ ಅಂದರು ಅಷ್ಟೇ.

ಕಾರ್ಟಿವಾ ವಾಪಸ್ ಆದ ಸುದ್ದಿ ಬಂದಾಗ ಎಷ್ಟು ಜನರಿಗೆ ತಮ್ಮ ಕಾಲಿನಲ್ಲಿ ಇರುವುದು ಅದೇ ಅಂತ ಗೊತ್ತಾಗಿರಬಹುದು? ನೋವಿಲ್ಲದವರು ಹೆದರಿ ತೆಗೆಸಬೇಕಾಗಿಲ್ಲ. ಆದರೆ ನೋವು ಮರಳಿದರೆ ಡಾಕ್ಟರ್ ಮೊದಲು ಕೇಳುವುದೇ, ಒಳಗೆ ಏನಿದೆ, ಯಾವ ಅಳತೆ ಅಂತ. ಇಂಪ್ಲಾಂಟ್ ಯಾವುದೇ ಇರಲಿ, ಅದರ ಡಬ್ಬಿಯ ಜೊತೆ ಹೆಸರು, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್‌ಗಳು ಬರುತ್ತವೆ. ಒಂದನ್ನು ಆಸ್ಪತ್ರೆಯ ಫೈಲಿಗೆ ಅಂಟಿಸುತ್ತಾರೆ. ಇನ್ನೊಂದನ್ನು ನಿಮ್ಮ ಡಿಸ್ಚಾರ್ಜ್ ಹಾಳೆಗೆ ಅಂಟಿಸಿಕೊಡಿ ಅಂತ ಕೇಳಿ ಪಡೆಯಿರಿ. ಹೆಬ್ಬೆರಳಿರಲಿ, ಮೊಣಕಾಲಿರಲಿ, ಸೊಂಟವಿರಲಿ. ಆ ಹಾಳೆಯ ಫೋಟೊ ತೆಗೆದು ಮನೆಯಲ್ಲಿ ಇಬ್ಬರ ಫೋನಿನಲ್ಲಿ 'ಅಪ್ಪನ ಕಾಲು' ಅಂತಲೋ 'ಅವ್ವನ ಮೊಣಕಾಲು' ಅಂತಲೋ ಹೆಸರು ಹಾಕಿ ಇಟ್ಟುಕೊಳ್ಳಿ. ಆ ಶಿಕ್ಷಕಿಯ ಮಗಳು ಹಳೆಯ ಆಸ್ಪತ್ರೆಗೆ ಬರೆದು ಫೈಲಿನ ಪ್ರತಿ ಕೇಳಿದ್ದಾಳೆ. ಬಂದ ತಕ್ಷಣ ತೋರಿಸುತ್ತೇನೆ ಅಂದಿದ್ದಾಳೆ.